ಅಂಕಿಗೆ ಮೊದಲು ಕಣ: ಸಲ್ಫೈಡ್ ಖನಿಜಗಳಲ್ಲಿನ ಲೇಶಧಾತುಗಳನ್ನು ಓದುವ ಕ್ರಮ

ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಿಂದ ಮೇಲೆ ಬರುವ ಒಂದು ಟನ್ ಅದಿರಿನಲ್ಲಿ ಇರುವ ಚಿನ್ನ ಕೆಲವೇ ಗ್ರಾಂ. ಟನ್ನಿಗೆ ಒಂದು ಗ್ರಾಂ ಎಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಭೂವಿಜ್ಞಾನಿಗಳ ಮಾತಿನಲ್ಲಿ ಅದೇ 1 ಪಿಪಿಎಂ. ಯಾವುದೇ ಚಿನ್ನದ ಅದಿರಿನಲ್ಲಿ ಈ ಕೆಲವು ಗ್ರಾಂ ಬೆಣಚುಕಲ್ಲಿನ ಬಿರುಕಿನಲ್ಲಿ ಬಿಡಿ ಕಣವಾಗಿ ಕುಳಿತಿದೆಯೇ, ಆರ್ಸೆನೊಪೈರೈಟ್ (ಕಬ್ಬಿಣ, ಆರ್ಸೆನಿಕ್, ಗಂಧಕ ಸೇರಿದ ಖನಿಜ) ಹರಳಿನ ಒಡಲಿನಲ್ಲಿ ಸೂಕ್ಷ್ಮ ಚುಕ್ಕೆಯಾಗಿ ಸಿಕ್ಕಿಕೊಂಡಿದೆಯೇ, ಅಥವಾ ಆ ಹರಳಿನ ಪರಮಾಣುಗಳ ಜೋಡಣೆಯೊಳಗೇ ಸೇರಿಹೋಗಿದೆಯೇ ಎಂಬುದನ್ನು ವಿಶ್ಲೇಷಣಾ ವರದಿಯ ಒಂದು ಅಂಕಿ ಹೇಳುವುದಿಲ್ಲ. ಮೊದಲನೆಯದಾದರೆ ಅರೆದು ತೊಳೆದರೂ ಚಿನ್ನ ಸಿಗುತ್ತದೆ. ಎರಡನೆಯದಾದರೆ ಇನ್ನೂ ನುಣ್ಣಗೆ ಅರೆದು ಸೈನೈಡ್ ದ್ರಾವಣಕ್ಕೆ ಒಡ್ಡಬೇಕು. ಮೂರನೆಯದಾದರೆ ಹರಳನ್ನೇ ಹುರಿದೋ, ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕ ಹಾಯಿಸಿಯೋ, ಬ್ಯಾಕ್ಟೀರಿಯಗಳಿಂದ ಕರಗಿಸಿಯೋ ಒಡೆಯದ ಹೊರತು ಸೈನೈಡ್ ಅದನ್ನು ಮುಟ್ಟಲಾರದು.

ಸಲ್ಫೈಡ್ ಖನಿಜಗಳ, ಅಂದರೆ ಲೋಹ ಗಂಧಕದೊಡನೆ ಸೇರಿ ಆದ ಖನಿಜಗಳ, ಲೇಶಧಾತುಗಳ ಅಧ್ಯಯನವೆಂದರೆ ಮುಖ್ಯವಾಗಿ ಧಾತು ಎಲ್ಲಿ ಕುಳಿತಿದೆ ಎಂಬ ಈ ವಿಳಾಸವನ್ನು ಹುಡುಕುವ ಕೆಲಸ. ಸಾಮಾನ್ಯವಾಗಿ ಶೇಕಡಾ 0.1ಕ್ಕಿಂತ, ಅಂದರೆ 1000 ಪಿಪಿಎಂಗಿಂತ ಕಡಿಮೆ ಇರುವ ಧಾತುವನ್ನು ಲೇಶಧಾತು ಎನ್ನುತ್ತೇವೆ. ಸ್ಫಾಲರೈಟಿನಲ್ಲಿ (ಸತುವಿನ ಸಲ್ಫೈಡ್) ಕ್ಯಾಡ್ಮಿಯಂ, ಪೈರೈಟಿನಲ್ಲಿ (ಕಬ್ಬಿಣದ ಸಲ್ಫೈಡ್) ಆರ್ಸೆನಿಕ್ ಅನೇಕ ಸಲ ಈ ಗೆರೆ ದಾಟಿದರೂ ರೂಢಿಯಿಂದ ಅವನ್ನೂ ಅದೇ ಸಾಲಿಗೆ ಸೇರಿಸುತ್ತೇವೆ. ಇಂಡಿಯಂ 1863ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಸತುವಿನ ಅದಿರನ್ನು ಪರೀಕ್ಷಿಸುವಾಗ ರೋಹಿತದಲ್ಲಿ ಕಂಡ ನೀಲಿ ಗೆರೆಯಿಂದ ಪತ್ತೆಯಾಯಿತು. ಗ್ಯಾಲಿಯಂ 1875ರಲ್ಲಿ ಪಿರನೀಸ್ ಬೆಟ್ಟಗಳ ಸ್ಫಾಲರೈಟಿನಲ್ಲಿ ಸಿಕ್ಕಿತು. ಇಂದಿಗೂ ಈ ಎರಡಕ್ಕೆ ತಮ್ಮದೇ ಆದ ದೊಡ್ಡ ಗಣಿಗಳಿಲ್ಲ. ಇಂಡಿಯಂ ಮತ್ತು ಕ್ಯಾಡ್ಮಿಯಂ ಸತುವಿನ ಬೆನ್ನ ಹಿಂದೆ, ಸೆಲೆನಿಯಂ ಮತ್ತು ಟೆಲ್ಲೂರಿಯಂ ತಾಮ್ರದ ಬೆನ್ನ ಹಿಂದೆ, ರೀನಿಯಂ ಮಾಲಿಬ್ಡಿನಂ ಬೆನ್ನ ಹಿಂದೆ ಬರುತ್ತವೆ. ಭಾರತ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಇವೆಲ್ಲವೂ ಇವೆ.

ಭೂವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮತ್ತು ಶೋಧನಾ ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕಣದಲ್ಲಿ ಗುಂಡಿ ಕೊರೆದು ಧಾತುಗಳನ್ನು ಅಳೆಯುವ ಲೇಸರ್ ಯಂತ್ರದ ಸಮಯ ಸಿಗುವುದೇ ಕಷ್ಟ. ಸಿಕ್ಕ ದಿನ ಸಿದ್ಧತೆಯಿಲ್ಲದ ಬಿಲ್ಲೆಗಳನ್ನು (ರಾಳದಲ್ಲಿ ಕೂರಿಸಿ ಉಜ್ಜಿದ ಕಲ್ಲಿನ ಚೂರುಗಳನ್ನು) ಹಿಡಿದು ಹೋಗಿ, ನೂರಾರು ಅಂಕಿಗಳನ್ನು ತಂದು, ಅವು ಯಾವ ಕಣದ ಯಾವ ಭಾಗದವು ಎಂದು ಹೇಳಲಾಗದೆ ಉಳಿದ ಪ್ರಬಂಧಗಳನ್ನು ಸಾಕಷ್ಟು ನೋಡಿದ್ದೇನೆ. ಆದ್ದರಿಂದ ಯಂತ್ರಕ್ಕೆ ಮುಂಚಿನ ಹೆಜ್ಜೆಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮಾದರಿ ಆಯುವುದು

ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಚಿನ್ನ ಯಾವ ಖನಿಜದಲ್ಲಿದೆ ಎಂಬುದು ಒಂದು ಪ್ರಶ್ನೆ, ಅದಿರು ತಂದ ದ್ರವ ಒಮ್ಮೆ ಬಂದಿತೋ ಹಲವು ಸಲ ಬಂದಿತೋ ಎಂಬುದು ಇನ್ನೊಂದು, ಅದಿರಿನಿಂದ ಬೇರ್ಪಡಿಸಿ ಮಾರುವ ಸಾಂದ್ರಕದಲ್ಲಿ ಕೊಳ್ಳುವವರಿಗೆ ದಂಡ ತೆರಬೇಕಾದಷ್ಟು ಆರ್ಸೆನಿಕ್ ಅಥವಾ ಪಾದರಸ ಇದೆಯೇ ಎಂಬುದು ಮತ್ತೊಂದು. ಮೂರಕ್ಕೂ ಬೇಕಾದ ಮಾದರಿಗಳು ಬೇರೆ ಬೇರೆ.

ಹೊಳೆಯುವ ತುಂಡುಗಳನ್ನು ಮಾತ್ರ ಆರಿಸುವ ಚಪಲವನ್ನು ತಡೆಯಬೇಕು. ಅದಿರಿನ ಪಟ್ಟಿಯ ನಡುವಿನಿಂದ, ಅದರ ಅಂಚಿನಿಂದ, ಬದಲಾವಣೆಗೊಂಡ ಸುತ್ತಲಿನ ಶಿಲೆಯಿಂದ ಮತ್ತು ಅದಿರೇ ಇಲ್ಲದ ದೂರದ ಶಿಲೆಯಿಂದ ಸಾಲಾಗಿ ಮಾದರಿ ತೆಗೆದಾಗ ಮಾತ್ರ ಧಾತುಗಳ ಏರಿಳಿತಕ್ಕೆ ಅರ್ಥ ಬರುತ್ತದೆ. ಕಂದು ಮಣ್ಣಿನ ಬಣ್ಣಕ್ಕೆ ತಿರುಗಿದ, ತುಕ್ಕು ಹಿಡಿದ ಮೇಲ್ಪದರದ ಕಲ್ಲಿನಲ್ಲಿ ಸಲ್ಫೈಡ್ ಕರಗಿ ಕಬ್ಬಿಣದ ಆಕ್ಸೈಡ್ ಉಳಿದಿರುತ್ತದೆ. ಮೂಲ ಸಲ್ಫೈಡಿನ ಅಧ್ಯಯನಕ್ಕೆ ಅದು ಒದಗದು, ಕೊರೆದು ತೆಗೆದ ತಾಜಾ ಕಲ್ಲುಕೋಲು ಬೇಕು. ಹಟ್ಟಿಯಂತಹ ಗಣಿಯಲ್ಲಿ ಓಕ್ಲಿ ರೀಫ್, ಮಿಡಲ್ ರೀಫ್, ಝೋನ್ ಒಂದರ ರೀಫ್, ಸ್ಟ್ರೈಕ್ ರೀಫ್ ಎಂದು ಹಲವು ಸಮಾನಾಂತರ ಪಟ್ಟಿಗಳಿರುವುದರಿಂದ ರೀಫಿನ ಹೆಸರು, ಆಳ, ದಿಕ್ಕು ಮೂರನ್ನೂ ಅಲ್ಲೇ ಚೀಲದ ಮೇಲೂ ಪುಸ್ತಕದಲ್ಲೂ ಬರೆಯಬೇಕು. ಸಂಜೆ ಮೇಲೆ ಬಂದು ನೆನಪಿನಿಂದ ಬರೆದ ಗುರುತು ನಂಬಿಕೆಗೆ ಅರ್ಹವಲ್ಲ.

ಇನ್ನೊಂದು ಸಣ್ಣ, ಆದರೆ ತಪ್ಪಿಸಲೇಬೇಕಾದ ಎಚ್ಚರಿಕೆ. ಚಿನ್ನಕ್ಕಾಗಿ ಪರೀಕ್ಷಿಸುವ ಮಾದರಿಯನ್ನು ಒಡೆಯುವಾಗ, ಅರೆಯುವಾಗ ಕೈಯ ಉಂಗುರ, ಬಳೆ ತೆಗೆದಿಡಿ. ಉಂಗುರದಿಂದ ಸವೆದ ಕಣ್ಣಿಗೆ ಕಾಣದ ಪುಡಿಯೇ ಒಂದು ಬಡ ಮಾದರಿಯನ್ನು ಅದಿರಿನಂತೆ ತೋರಿಸಬಲ್ಲದು. ಪುಡಿ ಮಾಡುವ ಪಾತ್ರೆಯೂ ಹಾಗೆಯೇ: ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆ ಟಂಗ್‌ಸ್ಟನ್ ಮತ್ತು ಕೋಬಾಲ್ಟನ್ನು, ಉಕ್ಕಿನ ಪಾತ್ರೆ ಕಬ್ಬಿಣ, ಕ್ರೋಮಿಯಂಗಳನ್ನು ಸೇರಿಸುತ್ತದೆ. ಲೇಶಧಾತುಗಳಿಗೆ ಅಗೇಟ್ ಪಾತ್ರೆ ಒಳ್ಳೆಯದು. ಆರ್ಸೆನೊಪೈರೈಟ್ ಇರುವ ಕಲ್ಲನ್ನು ಅರೆಯುವಾಗ ಮುಖಗವಸು ಮತ್ತು ದೂಳು ಹೀರುವ ವ್ಯವಸ್ಥೆ ಇಲ್ಲದೆ ಕೆಲಸ ಶುರುಮಾಡಬೇಡಿ.

ಬಿಲ್ಲೆ ತಯಾರಿಸುವುದು

ಕಲ್ಲಿನ ಚೂರನ್ನು ಎಪಾಕ್ಸಿ ರಾಳದಲ್ಲಿ ಕೂರಿಸಿ, ಸುಮಾರು 25 ಮಿಲಿಮೀಟರ್ ಅಗಲದ ದುಂಡು ಬಿಲ್ಲೆ ಮಾಡಿ, ಒಂದೊಂದೇ ಹಂತದಲ್ಲಿ ನುಣುಪಾಗಿಸಿ, ಕೊನೆಗೆ 1 ಮೈಕ್ರಾನ್ ಅಥವಾ ಅದಕ್ಕಿಂತ ನುಣುಪಾದ ವಜ್ರದ ಲೇಪದಲ್ಲಿ ಉಜ್ಜಬೇಕು. ಪೈರೈಟ್ ಗಟ್ಟಿ, ಸೀಸದ ಸಲ್ಫೈಡ್ ಆದ ಗ್ಯಾಲೀನ ಮೆದು. ಎರಡೂ ಒಂದೇ ಬಿಲ್ಲೆಯಲ್ಲಿದ್ದಾಗ ಅವಸರ ಮಾಡಿದರೆ ಪೈರೈಟ್ ಉಬ್ಬಿ ನಿಂತು ಗ್ಯಾಲೀನ ತಗ್ಗಿ ಹೋಗುತ್ತದೆ, ಆ ತಗ್ಗಿನಲ್ಲಿ ಸವೆದ ಪುಡಿ ತುಂಬಿಕೊಳ್ಳುತ್ತದೆ. ಸೀಸದ ಅಥವಾ ತವರದ ತಟ್ಟೆಯ ಮೇಲೆ ಉಜ್ಜಿದ ಬಿಲ್ಲೆಯಲ್ಲಿ ಸೀಸ, ತವರಗಳ ಅಂಕಿಯನ್ನು ನಂಬುವಂತಿಲ್ಲ. ಪ್ರತಿ ಹಂತದ ನಡುವೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆಯಬೇಕು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಬಿಲ್ಲೆ ಕಳಿಸುವಾಗ ಕಾರ್ಬನ್ ಲೇಪನ ಬೇಕೆಂದು ಬರೆದುಕೊಡಿ. ಅನೇಕ ಪ್ರಯೋಗಾಲಯಗಳಲ್ಲಿ ಚಿನ್ನದ ಲೇಪನವೇ ವಾಡಿಕೆ. ಬೆಳಕಿನ ಸೂಕ್ಷ್ಮದರ್ಶಕಕ್ಕೂ ಕಾಣದ ಅದೃಶ್ಯ ಚಿನ್ನವನ್ನು ಹುಡುಕಲು ತಿಂಗಳುಗಟ್ಟಲೆ ಸಿದ್ಧಪಡಿಸಿದ ಬಿಲ್ಲೆಯ ಮೇಲೆ ಒಂದು ನಿಮಿಷದಲ್ಲಿ ಚಿನ್ನ ಬಳಿದುಬಿಟ್ಟರೆ ಅದನ್ನು ಪೂರ್ತಿ ಮತ್ತೆ ಉಜ್ಜದೆ ಬೇರೆ ದಾರಿಯಿಲ್ಲ, ಉಜ್ಜಿದಾಗ ನೀವು ಗುರುತು ಮಾಡಿಟ್ಟ ಕಣಗಳೂ ಹೋಗಿರುತ್ತವೆ.

ಬೆಳಕಿನಲ್ಲಿ ನೋಡುವುದು

ಇಡೀ ಕೆಲಸದ ಅಡಿಪಾಯ ಇದೇ, ಇದಕ್ಕೆ ಬೇಕಾಗಿರುವುದು ಒಂದು ಸಾಮಾನ್ಯ ಅದಿರು ಸೂಕ್ಷ್ಮದರ್ಶಕ ಮತ್ತು ತಾಳ್ಮೆ. ಪ್ರತಿಫಲಿತ ಬೆಳಕಿನಲ್ಲಿ ಪೈರೈಟ್ ಹಳದಿ ಛಾಯೆಯ ಬಿಳುಪಾಗಿ, ಗಟ್ಟಿಯಾದ ಅಂಚಿನೊಂದಿಗೆ ಎದ್ದು ಕಾಣುತ್ತದೆ; ತಾಮ್ರ-ಕಬ್ಬಿಣದ ಸಲ್ಫೈಡ್ ಆದ ಕ್ಯಾಲ್ಕೊಪೈರೈಟ್ ಅದಕ್ಕಿಂತ ಗಾಢವಾದ ಹಿತ್ತಾಳೆ ಹಳದಿ; ಪೈರೈಟಿಗಿಂತ ಗಂಧಕ ಕಡಿಮೆಯಿರುವ ಕಬ್ಬಿಣದ ಸಲ್ಫೈಡ್ ಆದ ಪಿರೋಟೈಟ್ ನಸುಗೆಂಪು ಬೆರೆತ ಕೆನೆಯ ಬಣ್ಣ; ಗ್ಯಾಲೀನದ ಮೈಮೇಲೆ ಉಜ್ಜುವಾಗ ಕಿತ್ತುಬಂದ ತ್ರಿಕೋನದ ಗುಳಿಗಳು; ಸ್ಫಾಲರೈಟ್ ಮಂಕಾದ ಬೂದು, ಅಡ್ಡ ಧ್ರುವಕಗಳ (ಒಂದಕ್ಕೊಂದು ಲಂಬವಾಗಿಟ್ಟ ಎರಡು ಬೆಳಕಿನ ಸೋಸುಫಲಕಗಳ) ನಡುವೆ ಒಳಗಿನಿಂದ ಜೇನಿನ ಬಣ್ಣದ ಮಿನುಗು. ಆರ್ಸೆನೊಪೈರೈಟ್ ಬಿಳಿ, ಅಡ್ಡ ಧ್ರುವಕಗಳ ನಡುವೆ ಬಿಲ್ಲೆಯನ್ನು ತಿರುಗಿಸಿದರೆ ನೀಲಿ, ಹಸಿರು, ಕಂದು ಛಾಯೆಗಳು ಒಂದರ ಹಿಂದೊಂದು ಬಂದು ಹೋಗುತ್ತವೆ.

ಒಂದು ಆರ್ಸೆನೊಪೈರೈಟ್ ಹರಳನ್ನೇ ಹತ್ತಿರದಿಂದ ನೋಡೋಣ. ಅಡ್ಡಸೀಳಿನಲ್ಲಿ ಅದು ಇಸ್ಪೀಟಿನ ಡೈಮಂಡ್ ಆಕಾರ. ನಡುವಿನ ತಿರುಳು ಸಣ್ಣ ಸಣ್ಣ ರಂಧ್ರಗಳಿಂದ, ಸಿಲಿಕೇಟ್ ಮತ್ತು ಪಿರೋಟೈಟ್ ಚುಕ್ಕೆಗಳಿಂದ ತುಂಬಿ ಜರಡಿಯಂತಿದೆ. ಅದರ ಸುತ್ತ ಒಂದು ಸ್ವಚ್ಛವಾದ, ಚುಕ್ಕೆಯಿಲ್ಲದ ಪಟ್ಟಿ. ಹರಳನ್ನು ಅಡ್ಡವಾಗಿ ಸೀಳಿದ ಒಂದು ಬಿರುಕು, ಆ ಬಿರುಕಿನಲ್ಲಿ ಕ್ಯಾಲ್ಕೊಪೈರೈಟಿನ ತೆಳು ಎಳೆ, ಅದರ ತುದಿಯಲ್ಲಿ ಕಣ್ಣು ಕುಕ್ಕುವ ಹಳದಿಯ ಒಂದು ಚಿನ್ನದ ಚುಕ್ಕೆ. ಒಂದೇ ಹರಳಿನಲ್ಲಿ ಕನಿಷ್ಠ ಮೂರು ಘಟನೆಗಳಿವೆ: ತಿರುಳು, ಪಟ್ಟಿ, ಬಿರುಕು. ಲೇಸರಿನ ಒಂದು ಚುಕ್ಕೆ ಈ ಮೂರನ್ನೂ ಒಟ್ಟಿಗೆ ಸುಟ್ಟರೆ ಬರುವ ಅಂಕಿ ಯಾವ ಘಟನೆಗೂ ಸೇರಿದ್ದಲ್ಲ. ಆದ್ದರಿಂದ ಪ್ರತಿ ಖನಿಜಕ್ಕೂ ತಲೆಮಾರಿನ ಹೆಸರು ಕೊಡಿ (ಪೈರೈಟ್ ಒಂದು, ಪೈರೈಟ್ ಎರಡು, ಹೀಗೆ), ಯಾವುದು ಯಾವುದನ್ನು ಕತ್ತರಿಸಿದೆ ಎಂದು ಚಿತ್ರ ಬರೆಯಿರಿ, ಛಾಯಾಚಿತ್ರ ತೆಗೆದು ಅದರ ಮೇಲೆಯೇ ಲೇಸರ್ ಬೀಳಬೇಕಾದ ಜಾಗಗಳನ್ನು ಗುರುತಿಸಿ.

ಸ್ಫಾಲರೈಟ್ ನೋಡುವಾಗ ಒಂದು ವಿಷಯಕ್ಕೆ ಕಣ್ಣಿಟ್ಟಿರಿ. ಅದರ ಒಳಗೆ ಧೂಳಿನಂತೆ ಹರಡಿದ ಕ್ಯಾಲ್ಕೊಪೈರೈಟ್ ಚುಕ್ಕೆಗಳು ಬಹಳ ಸಾಮಾನ್ಯ. ಅದಿರು ತಜ್ಞರು ಇದನ್ನು ಕ್ಯಾಲ್ಕೊಪೈರೈಟ್ ರೋಗ ಎಂದೇ ಕರೆಯುತ್ತಾರೆ. ಅಂತಹ ಜಾಗದಲ್ಲಿ ಅಳೆದ ತಾಮ್ರವನ್ನು ಸ್ಫಾಲರೈಟಿನ ಜಾಲಕದ (ಹರಳಿನ ಪರಮಾಣು ಜೋಡಣೆಯ) ತಾಮ್ರವೆಂದು ಬರೆದರೆ ಮುಂದಿನ ವಾದವೆಲ್ಲ ಕುಸಿಯುತ್ತದೆ.

ಪೈರೈಟಿನ ಒಳವಲಯಗಳು ಬರಿಯ ಬೆಳಕಿಗೆ ಕಾಣದಿದ್ದಾಗ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವನ್ನು ಸ್ವಲ್ಪ ಹೊತ್ತು ತಾಗಿಸಿದರೆ ಆರ್ಸೆನಿಕ್ ಹೆಚ್ಚಿರುವ ವಲಯಗಳು ಮೊದಲು ಬಣ್ಣಗೆಡುತ್ತವೆ. ಈ ದ್ರಾವಣವನ್ನು ಯಾವ ಆಮ್ಲದ ಹತ್ತಿರವೂ ತರಬೇಡಿ, ಕ್ಲೋರಿನ್ ಅನಿಲ ಹೊರಬರುತ್ತದೆ. ಸಲ್ಫೈಡಿನ ಮೇಲೆ ಆಮ್ಲ ಬಿದ್ದರೂ ವಿಷಕಾರಿ ಹೈಡ್ರೊಜನ್ ಸಲ್ಫೈಡ್ ಬರಬಹುದು. ಅನುಕೂಲವಿದ್ದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಹಿಂಚದುರಿದ ಎಲೆಕ್ಟ್ರಾನ್ ಚಿತ್ರ ಇನ್ನೂ ಒಳ್ಳೆಯದು: ಆರ್ಸೆನಿಕ್ ಪರಮಾಣು ಗಂಧಕಕ್ಕಿಂತ ಭಾರವಾದ್ದರಿಂದ ಅದು ಹೆಚ್ಚಿರುವ ಪಟ್ಟಿಗಳು ಬೆಳ್ಳಗೆ ಕಾಣುತ್ತವೆ, ಮರದ ಬಳೆಗಳಂತೆ ಹರಳು ಬೆಳೆದ ಕ್ರಮ ತೆರೆದುಕೊಳ್ಳುತ್ತದೆ.

ಮುಖ್ಯ ಧಾತುಗಳನ್ನು ಮೊದಲು ಅಳೆಯುವುದು

ಎಲೆಕ್ಟ್ರಾನ್ ಕಿರಣ ಬೀರಿ ಧಾತುಗಳನ್ನು ಅಳೆಯುವ ಎಲೆಕ್ಟ್ರಾನ್ ಪ್ರೋಬ್ ಯಂತ್ರ ಒಂದೆರಡು ಮೈಕ್ರಾನ್ ಅಗಲದ ಜಾಗವನ್ನು ಅಳೆಯಬಲ್ಲದು, ಆದರೆ ಸುಮಾರು 100 ಪಿಪಿಎಂಗಿಂತ ಕೆಳಗೆ ಅದರ ಕಣ್ಣು ಮಂಜಾಗುತ್ತದೆ. ಆದರೂ ಅದನ್ನು ಬಿಡುವಂತಿಲ್ಲ, ಏಕೆಂದರೆ ಲೇಸರ್ ವಿಶ್ಲೇಷಣೆಗೆ ಒಂದು ಆಂತರಿಕ ಮಾನಕ ಬೇಕು, ಅಂದರೆ ಪ್ರಮಾಣ ಮೊದಲೇ ಗೊತ್ತಿರುವ ಒಂದು ಧಾತು. ಪೈರೈಟಿಗೆ ಕಬ್ಬಿಣವನ್ನು ಶೇಕಡಾ 46.55 ಎಂದು ಹಿಡಿದರೆ ಹೆಚ್ಚು ತಪ್ಪಾಗದು. ಕ್ಯಾಲ್ಕೊಪೈರೈಟಿನ ತಾಮ್ರ ಶೇಕಡಾ 34.6, ಗ್ಯಾಲೀನದ ಸೀಸ ಶೇಕಡಾ 86.6 ಕೂಡ ನಂಬಬಹುದಾದ ಆರಂಭಗಳು. ಸ್ಫಾಲರೈಟ್ ಮಾತ್ರ ಹಾಗಲ್ಲ. ಶುದ್ಧ ಸ್ಫಾಲರೈಟಿನಲ್ಲಿ ಸತು ಶೇಕಡಾ 67.1, ಆದರೆ ಕಬ್ಬಿಣ ಸತುವಿನ ಜಾಗಕ್ಕೆ ಸರಾಗವಾಗಿ ನುಗ್ಗುವುದರಿಂದ ಕಪ್ಪು ಸ್ಫಾಲರೈಟಿನಲ್ಲಿ ಸತು ಶೇಕಡಾ 58ಕ್ಕೆ ಇಳಿದಿರಬಹುದು. ಅದನ್ನು ಅಳೆಯದೆ 67.1 ಎಂದೇ ಲೆಕ್ಕ ಹಾಕಿದರೆ ಇಂಡಿಯಂ, ಗ್ಯಾಲಿಯಂ, ಕ್ಯಾಡ್ಮಿಯಂ ಎಲ್ಲವೂ ಸುಮಾರು ಶೇಕಡಾ 16ರಷ್ಟು ಉಬ್ಬಿ ಬರುತ್ತವೆ, ಯಂತ್ರದಲ್ಲಿ ಯಾವ ದೋಷವೂ ಇಲ್ಲದೆ.

ಲೇಸರ್ ಮುಂದೆ ಕುಳಿತಾಗ

ಲೇಸರ್ ಅಬ್ಲೇಶನ್ ಐಸಿಪಿ-ಎಂಎಸ್ ವಿಧಾನದಲ್ಲಿ ಲೇಸರ್ ಕಿರಣ ಕಣದಲ್ಲಿ ಗುಂಡಿ ಕೊರೆಯುತ್ತದೆ, ಎದ್ದ ಪುಡಿಯನ್ನು ಹೀಲಿಯಂ ಅನಿಲ ಹೊತ್ತೊಯ್ಯುತ್ತದೆ, ಆರ್ಗಾನ್ ಪ್ಲಾಸ್ಮಾ ಅದನ್ನು ಅಯಾನುಗಳಾಗಿ ಒಡೆಯುತ್ತದೆ, ರಾಶಿ ರೋಹಿತಮಾಪಕ ಅವನ್ನು ಎಣಿಸುತ್ತದೆ. ಗುಂಡಿಯ ಅಗಲವನ್ನು ಸಾಮಾನ್ಯವಾಗಿ 10ರಿಂದ 60 ಮೈಕ್ರಾನ್ ಒಳಗೆ ಇಡುತ್ತಾರೆ. ಗುಂಡಿ ದೊಡ್ಡದಾದಷ್ಟೂ ಕಡಿಮೆ ಪ್ರಮಾಣದ ಧಾತುಗಳೂ ಕಾಣುತ್ತವೆ, ಆದರೆ ವಲಯಗಳು ಬೆರೆತುಹೋಗುತ್ತವೆ. ಸ್ವಚ್ಛ ಪಟ್ಟಿಯ ಅಗಲ 25 ಮೈಕ್ರಾನ್ ಇದ್ದರೆ 40 ಮೈಕ್ರಾನಿನ ಗುಂಡಿ ಹಾಕುವುದರಲ್ಲಿ ಅರ್ಥವಿಲ್ಲ. ಇದನ್ನು ನಿರ್ಧರಿಸುವುದು ನೀವು ಸೂಕ್ಷ್ಮದರ್ಶಕದಲ್ಲಿ ಮೊದಲೇ ಅಳೆದಿಟ್ಟ ಅಗಲವೇ.

ಪ್ರತಿ ಜಾಗದಲ್ಲೂ ಮೊದಲು ಒಂದೆರಡು ಹಗುರ ಹೊಡೆತಗಳಿಂದ ಮೇಲ್ಮೈ ಶುಚಿಮಾಡಿ, ಸುಮಾರು 30 ಸೆಕೆಂಡ್ ಹಿನ್ನೆಲೆ ಅಳೆದು, ಆಮೇಲೆ 40ರಿಂದ 60 ಸೆಕೆಂಡ್ ಕೊರೆಯುವುದು ರೂಢಿ. ಹತ್ತು ಹದಿನೈದು ಜಾಗಗಳಿಗೊಮ್ಮೆ ಧಾತುಗಳ ಪ್ರಮಾಣ ಮೊದಲೇ ಗೊತ್ತಿರುವ ಉಲ್ಲೇಖ ವಸ್ತುವನ್ನು ಅಳೆಯಬೇಕು. ಅಮೆರಿಕದ ಮಾನಕ ಸಂಸ್ಥೆಯ ನಿಸ್ಟ್ 610 ಗಾಜು ಎಲ್ಲ ಕಡೆ ಸಿಗುತ್ತದೆ, ಆದರೆ ಅದು ಸಿಲಿಕೇಟ್; ಲೇಸರಿಗೆ ಅದು ಸಲ್ಫೈಡಿನಂತೆ ಸ್ಪಂದಿಸುವುದಿಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣದ ಮಾಸ್-1 ಎಂಬ ಒತ್ತಿದ ಸಲ್ಫೈಡ್ ಬಿಲ್ಲೆಯನ್ನೋ, ಸಲ್ಫೈಡಿಗೆಂದೇ ತಯಾರಿಸಿದ ಬೇರೆ ಗಾಜನ್ನೋ ಜೊತೆಗೆ ಇಟ್ಟುಕೊಳ್ಳಿ, ಒಂದನ್ನು ಮಾಪನಕ್ಕೆ ಬಳಸಿದರೆ ಇನ್ನೊಂದನ್ನು ಅಪರಿಚಿತ ಮಾದರಿಯಂತೆ ಅಳೆದು ಫಲಿತಾಂಶ ತಾಳೆಯಾಗುತ್ತದೆಯೇ ನೋಡಿ.

ಒಂದು ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಲ್ಲಿ (ಐಸೊಟೋಪ್) ಯಾವುದನ್ನು ಆರಿಸಬೇಕು ಎಂಬುದರಲ್ಲಿ ಬಲೆಗಳಿವೆ. ಇಂಡಿಯಂ 115ರ ಜಾಗದಲ್ಲೇ ತವರ 115 ಕೂಡ ಬೀಳುತ್ತದೆ. ತವರದ ಶೇಕಡಾ 0.34 ಭಾಗ ಮಾತ್ರ ಆ ತೂಕದ್ದಾದರೂ 1000 ಪಿಪಿಎಂ ತವರ ಇರುವ ಕಣದಲ್ಲಿ ಅದು ಮೂರಕ್ಕೂ ಮೀರಿದ ಪಿಪಿಎಂ ಸುಳ್ಳು ಇಂಡಿಯಂ ತೋರಿಸುತ್ತದೆ. ತಾಮ್ರದ ಖನಿಜದಲ್ಲಿ ಪಲ್ಲಾಡಿಯಂ 105 ಹುಡುಕಿದರೆ ತಾಮ್ರ 65 ಮತ್ತು ಆರ್ಗಾನ್ 40 ಸೇರಿ ಅದೇ ತೂಕದ ಜೋಡಿ ಸಿಗುತ್ತದೆ. ಚಿನ್ನ 197ಕ್ಕೆ ಟ್ಯಾಂಟಲಂ ಆಕ್ಸೈಡ್ ಅಡ್ಡಿ. ಕಬ್ಬಿಣಕ್ಕೆ 56ರ ಬದಲು 57 ಆರಿಸುವುದು ಆರ್ಗಾನ್ ಆಕ್ಸೈಡಿನ ಕಾರಣಕ್ಕೆ. ಅಳೆಯುವ ಪಟ್ಟಿ ತಯಾರಿಸುವಾಗಲೇ ಅಡ್ಡಿಪಡಿಸುವ ಧಾತುವನ್ನೂ ಸೇರಿಸಿಕೊಂಡಿದ್ದರೆ ಆಮೇಲೆ ತಿದ್ದಬಹುದು.

ರೇಖೆಯನ್ನು ಓದುವುದು

ಯಂತ್ರ ಕೊಡುವ ಸರಾಸರಿ ಅಂಕಿಗಿಂತ ಮೊದಲು ಸಮಯದ ಜೊತೆ ಪ್ರತಿ ಧಾತು ಹೇಗೆ ಏರಿಳಿಯಿತು ಎಂಬ ರೇಖೆಯನ್ನು ನೋಡಬೇಕು. ಕಬ್ಬಿಣದ ರೇಖೆಗೆ ಸಮಾನಾಂತರವಾಗಿ, ಅಲುಗಾಡದೆ ಸಾಗುವ ಧಾತು ಬಹುಮಟ್ಟಿಗೆ ಜಾಲಕದಲ್ಲಿದೆ. ನಡುವೆ ಒಮ್ಮೆ ಚಂಗನೆ ನೆಗೆದು ಬೀಳುವ ಧಾತು ಒಳಸೇರಿದ ಬೇರೊಂದು ಖನಿಜದ ಕಣದಿಂದ ಬಂದದ್ದು. ಸೀಸ, ಬಿಸ್ಮತ್, ಟೆಲ್ಲೂರಿಯಂ, ಚಿನ್ನ ನಾಲ್ಕೂ ಒಂದೇ ಕ್ಷಣದಲ್ಲಿ ನೆಗೆದರೆ ಅಲ್ಲಿ ಟೆಲ್ಲೂರೈಡ್ (ಲೋಹ ಟೆಲ್ಲೂರಿಯಂ ಜೊತೆ ಸೇರಿದ ಖನಿಜ) ಚುಕ್ಕೆ ಇತ್ತೆಂದು ಊಹಿಸಬಹುದು. ನೆಗೆತವಿರುವ ಭಾಗವನ್ನು ಬಿಟ್ಟು ಉಳಿದ ಭಾಗಕ್ಕೆ ಲೆಕ್ಕ ಹಾಕಿ, ಬಿಟ್ಟದ್ದನ್ನೂ ಬೇರೆ ಕೋಷ್ಟಕದಲ್ಲಿ ಬರೆದಿಡಿ. ಅದು ಕಸವಲ್ಲ, ಇನ್ನೊಂದು ಖನಿಜದ ಸುಳಿವು.

ಇಷ್ಟೆಲ್ಲ ಎಚ್ಚರ ಏಕೆಂದು ಒಂದು ಲೆಕ್ಕದಿಂದ ತಿಳಿಯುತ್ತದೆ. 30 ಮೈಕ್ರಾನ್ ಅಗಲ, 20 ಮೈಕ್ರಾನ್ ಆಳದ ಗುಂಡಿಯಿಂದ ಎದ್ದ ಪೈರೈಟಿನಲ್ಲಿ 1 ಮೈಕ್ರಾನ್ ವ್ಯಾಸದ ಒಂದೇ ಒಂದು ಚಿನ್ನದ ಕಣ ಇದ್ದರೆ, ಚಿನ್ನದ ಸಾಂದ್ರತೆ 19.3, ಪೈರೈಟಿನದು 5 ಎಂದು ಹಿಡಿದಾಗ, ಇಡೀ ಗುಂಡಿಯ ಸರಾಸರಿ ಸುಮಾರು 140 ಪಿಪಿಎಂ ಬರುತ್ತದೆ. ಕಣ 0.3 ಮೈಕ್ರಾನ್ ಆದರೂ ಸುಮಾರು 4 ಪಿಪಿಎಂ. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಗುರುತಿಸಲಾಗದಷ್ಟು ಸಣ್ಣ ಒಂದು ಚುಕ್ಕೆ ಜಾಲಕದ ಚಿನ್ನದ ವೇಷ ಹಾಕಿಕೊಂಡು ಬರಬಲ್ಲದು. ಅಂತಹ ನ್ಯಾನೊ ಕಣಗಳು ಸಮನಾಗಿ ಹರಡಿದ್ದರೆ ರೇಖೆಯೂ ನೆಗೆಯದು. ಆಗ ಲೇಸರ್ ಒಂದರಿಂದಲೇ ತೀರ್ಪು ಕೊಡಬಾರದು.

ತೀರ್ಪಿಗೆ ಹತ್ತಿರ ಒಯ್ಯುವ ಒಂದು ಒರೆಗಲ್ಲಿದೆ. ಪೈರೈಟಿನಲ್ಲಿ ಆರ್ಸೆನಿಕ್ ಗಂಧಕದ ಜಾಗ ಹಿಡಿದಾಗ ಜಾಲಕ ಸೊಟ್ಟಗಾಗಿ ಚಿನ್ನಕ್ಕೆ ಎಡೆಯಾಗುತ್ತದೆ. ಅಮೆರಿಕದ ನೆವಾಡ ರಾಜ್ಯದ ಕಾರ್ಲಿನ್ ಮಾದರಿಯ ಮತ್ತು ಮೇಲ್ಪದರದ ಉಷ್ಣಜಲ ನಿಕ್ಷೇಪಗಳ ಪೈರೈಟನ್ನು ಆಧರಿಸಿ 2005ರಲ್ಲಿ ಪ್ರಕಟವಾದ ಗೆರೆಯ ಪ್ರಕಾರ, ಪರಮಾಣು ಲೆಕ್ಕದಲ್ಲಿ ಚಿನ್ನ ಮತ್ತು ಆರ್ಸೆನಿಕ್ ಅನುಪಾತ ಸುಮಾರು 0.02 ಮೀರಿದರೆ ಹೆಚ್ಚಿನ ಚಿನ್ನ ಲೋಹದ ನ್ಯಾನೊ ಕಣವಾಗಿ ಬೇರ್ಪಡುತ್ತದೆ. ಪಿಪಿಎಂ ಲೆಕ್ಕದಲ್ಲಿ ಆರ್ಸೆನಿಕ್ ಅಂಕಿಯನ್ನು 0.053ರಿಂದ ಗುಣಿಸಿದರೆ ಚಿನ್ನದ ಮೇಲ್ಮಿತಿ ಸಿಗುತ್ತದೆ: 5000 ಪಿಪಿಎಂ ಆರ್ಸೆನಿಕ್ ಇರುವ ಪೈರೈಟ್ ಸುಮಾರು 260 ಪಿಪಿಎಂ ಚಿನ್ನವನ್ನು ಒಳಗಿಟ್ಟುಕೊಳ್ಳಬಲ್ಲದು. ಗೆರೆಯ ಕೆಳಗೆ ಬಿದ್ದ ಮಾತ್ರಕ್ಕೆ ಚಿನ್ನ ಜಾಲಕದಲ್ಲೇ ಇದೆ ಎಂದು ಸಾಧಿಸಿದಂತಾಗದು, ಮತ್ತು ಈ ಗೆರೆ ಕಡಿಮೆ ಉಷ್ಣತೆಯ ನಿಕ್ಷೇಪಗಳಿಂದ ಬಂದದ್ದು. ನಮ್ಮ ಧಾರವಾಡ ಶಿಲೆಗಳಂತಹ ಬಿಸಿಯಾಗಿ ರೂಪಾಂತರಗೊಂಡ ನೆಲಕ್ಕೆ ಕಣ್ಣುಮುಚ್ಚಿ ಅನ್ವಯಿಸುವುದು ನನಗೆ ಸರಿ ಕಾಣುವುದಿಲ್ಲ.

ಅಂಕಿಗಳಿಂದ ಅರ್ಥಕ್ಕೆ

ಪತ್ತೆಯ ಮಿತಿಗಿಂತ ಕೆಳಗಿನ ಅಂಕಿಗಳನ್ನು ಸೊನ್ನೆ ಎಂದು ತುಂಬಬೇಡಿ, ಹಾಗೇ ಕೈಬಿಡಲೂ ಬೇಡಿ. ಎಷ್ಟು ಜಾಗಗಳಲ್ಲಿ ಕಾಣಲಿಲ್ಲ ಎಂಬುದನ್ನೇ ಬರೆಯಿರಿ. ಲೇಶಧಾತುಗಳ ಹಂಚಿಕೆ ಹತ್ತು, ನೂರು, ಸಾವಿರ ಪಟ್ಟು ಚಾಚಿರುವುದರಿಂದ ಲಾಗ್ ಅಳತೆಯಲ್ಲಿ ಚಿತ್ರ ಬರೆಯಿರಿ, ವಿವರಣೆಗೆ ಮಧ್ಯಾಂಕ ಬಳಸಿ.

ಪೈರೈಟಿನಲ್ಲಿ ಕೋಬಾಲ್ಟ್ ನಿಕ್ಕಲಿಗಿಂತ ಕಡಿಮೆಯಿದ್ದರೆ ಕೆಸರಿನಲ್ಲಿ ಹುಟ್ಟಿದ್ದು, ಹೆಚ್ಚಿದ್ದರೆ ಬಿಸಿ ದ್ರವದಿಂದ ಬಂದದ್ದು ಎಂಬ ಹಳೆಯ ನಿಯಮ ಇನ್ನೂ ಅನೇಕ ಪ್ರಬಂಧಗಳಲ್ಲಿ ಓಡಾಡುತ್ತದೆ. ಅದು ಒಂದು ಸುಳಿವು ಮಾತ್ರ. ನಿಕ್ಕಲ್ ತುಂಬಿದ ಕಪ್ಪು ಜ್ವಾಲಾಮುಖಿ ಶಿಲೆಯ ಮೂಲಕ ಹಾದು ಬಂದ ದ್ರವ ಆ ಅನುಪಾತವನ್ನು ತಲೆಕೆಳಗು ಮಾಡುತ್ತದೆ. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ಜ್ವಾಲಾಮುಖಿ ಶಿಲೆಗಳ ನಡುವಿನ ತಾಮ್ರದ ಅದಿರನ್ನು ಓದುವವರು ಅನುಪಾತಕ್ಕಿಂತ ಮೊದಲು ಸುತ್ತಲಿನ ಶಿಲೆಯನ್ನೇ ವಿಶ್ಲೇಷಿಸಿಕೊಳ್ಳುವುದು ಲೇಸು.

ಸ್ಫಾಲರೈಟ್ ಹೆಚ್ಚು ಮಾತಾಡುವ ಖನಿಜ. ಕಬ್ಬಿಣ, ಮ್ಯಾಂಗನೀಸ್, ಕ್ಯಾಡ್ಮಿಯಂ ಸತುವಿನ ಜಾಗಕ್ಕೆ ನೇರವಾಗಿ ಬಂದು ಕೂರುತ್ತವೆ, ಎಲ್ಲದಕ್ಕೂ ಎರಡು ಧನ ವಿದ್ಯುದಂಶ. ಮೂರು ವಿದ್ಯುದಂಶದ ಇಂಡಿಯಂ ಒಂಟಿಯಾಗಿ ಬರಲಾರದು; ಒಂದು ವಿದ್ಯುದಂಶದ ತಾಮ್ರವನ್ನು ಜೊತೆಗೆ ಕರೆತಂದು ಇಬ್ಬರೂ ಸೇರಿ ಎರಡು ಸತುವಿನ ಜಾಗ ತುಂಬುತ್ತಾರೆ. ಆದ್ದರಿಂದ ತಾಮ್ರವನ್ನೂ ಇಂಡಿಯಮನ್ನೂ ಪರಮಾಣು ಲೆಕ್ಕದಲ್ಲಿ ಎದುರುಬದುರು ಇಟ್ಟಾಗ ಚುಕ್ಕೆಗಳು ಒಂದಕ್ಕೊಂದು ಸಮದ ಗೆರೆಯ ಮೇಲೆ ಕುಳಿತರೆ ಇಂಡಿಯಂ ಜಾಲಕದಲ್ಲಿದೆ ಎಂದು ಧೈರ್ಯವಾಗಿ ಹೇಳಬಹುದು. ಗ್ಯಾಲೀನದಲ್ಲಿ ಬೆಳ್ಳಿ ಬಿಸ್ಮತ್ ಅಥವಾ ಆಂಟಿಮನಿಯೊಡನೆ ಜೋಡಿಯಾಗುವುದೂ ಇದೇ ನ್ಯಾಯದಿಂದ. ಸ್ಥೂಲವಾಗಿ, ಕಡಿಮೆ ಉಷ್ಣತೆಯ ಸ್ಫಾಲರೈಟಿನಲ್ಲಿ ಜರ್ಮೇನಿಯಂ, ಗ್ಯಾಲಿಯಂ ಹೆಚ್ಚು, ಹೆಚ್ಚು ಉಷ್ಣತೆಯದರಲ್ಲಿ ಇಂಡಿಯಂ, ಕಬ್ಬಿಣ, ಮ್ಯಾಂಗನೀಸ್ ಹೆಚ್ಚು. ಈ ಐದನ್ನು ಸೇರಿಸಿದ ಒಂದು ಉಷ್ಣತಾ ಸೂತ್ರ 2016ರಲ್ಲಿ ಪ್ರಕಟವಾಗಿ ಈಗ ವ್ಯಾಪಕ ಬಳಕೆಯಲ್ಲಿದೆ.

ಆದರೆ ಸೂತ್ರ ಕೊಡುವ ಉಷ್ಣತೆ ಯಾವ ಘಟನೆಯದು? ರಾಜಸ್ಥಾನದ ಭಿಲ್ವಾಡ ಜಿಲ್ಲೆಯ ರಾಂಪುರ ಆಗುಚಾದ ಸತು-ಸೀಸದ ಅದಿರು ಹುಟ್ಟಿದ ಮೇಲೆ ತೀವ್ರ ಶಾಖದ ರೂಪಾಂತರಕ್ಕೆ ಒಳಗಾಯಿತು. ಅಂತಹ ಕಡೆ ಸ್ಫಾಲರೈಟ್ ಮತ್ತೆ ಹರಳುಗಟ್ಟಿದಾಗ ಧಾತುಗಳು ಪಕ್ಕದ ಖನಿಜಗಳೊಡನೆ ಮರುಹಂಚಿಕೆಯಾಗಿರುತ್ತವೆ, ಆದಿಯ ಗುರುತು ಅಳಿಸಿಹೋಗಿರಬಹುದು. ಪೈರೈಟಿನ ಗತಿಯೂ ಹೀಗೆಯೇ: ರೂಪಾಂತರದಲ್ಲಿ ಪೈರೈಟ್ ಪಿರೋಟೈಟಾಗಿ ಬದಲಾಗುವಾಗ ಗಂಧಕದ ಒಂದು ಭಾಗ, ಅದರೊಡನೆ ಆರ್ಸೆನಿಕ್ ಮತ್ತು ಚಿನ್ನ ಹೊರಬಿದ್ದು ದ್ರವಕ್ಕೆ ಸೇರುತ್ತವೆ, ಪ್ರಾಚೀನ ಹಸಿರುಶಿಲಾ ಪಟ್ಟಿಗಳ (ರೂಪಾಂತರಗೊಂಡ ಹಳೆಯ ಜ್ವಾಲಾಮುಖಿ ಶಿಲೆಗಳ ಪಟ್ಟಿಗಳ) ಚಿನ್ನಕ್ಕೆ ಇದೂ ಒಂದು ಮೂಲವೆಂದು ಅನೇಕರು ವಾದಿಸುತ್ತಾರೆ. ಕೋಲಾರದಲ್ಲಿ ಚಾಂಪಿಯನ್ ರೀಫ್ ಮುಖ್ಯವಾಗಿ ಬೆಣಚುಕಲ್ಲಿನ ಚಿನ್ನವಾದರೆ, ಪಶ್ಚಿಮದ ಪಟ್ಟಿಗಳು ಸಲ್ಫೈಡ್ ತುಂಬಿದವು. ಒಂದೇ ಗಣಿಪ್ರದೇಶದ ಎರಡು ಬಗೆಯ ಅದಿರನ್ನು ಒಂದೇ ಕೋಷ್ಟಕದಲ್ಲಿ ಬೆರೆಸಿದರೆ ಏನು ಉಳಿಯುತ್ತದೆ ಎಂದು ನೀವೇ ಯೋಚಿಸಿ.

ಲೆಕ್ಕ ಕೂಡಿಸುವುದು

ಕಣದ ಅಂಕಿಯನ್ನು ಅದಿರಿನ ಅಂಕಿಗೆ ಜೋಡಿಸದೆ ಕೆಲಸ ಮುಗಿಯದು. ಒಂದು ಅದಿರಿನಲ್ಲಿ ತೂಕದ ಲೆಕ್ಕದಲ್ಲಿ ಶೇಕಡಾ 2 ಆರ್ಸೆನೊಪೈರೈಟ್ ಇದ್ದು, ಅದರಲ್ಲಿ ಸರಾಸರಿ 50 ಪಿಪಿಎಂ ಚಿನ್ನ ಇದೆಯೆಂದು ಇಟ್ಟುಕೊಳ್ಳೋಣ. ಹಾಗಾದರೆ ಪ್ರತಿ ಟನ್ ಅದಿರಿಗೆ ಅದು ಕೊಡುವುದು 1 ಗ್ರಾಂ. ಇನ್ನು ಶೇಕಡಾ 1 ಪೈರೈಟಿನಲ್ಲಿ 2 ಪಿಪಿಎಂ ಇದ್ದರೆ ಅದರ ಪಾಲು 0.02 ಗ್ರಾಂ, ಲೆಕ್ಕಕ್ಕೇ ಬರದಷ್ಟು. ಒಟ್ಟು ಅದಿರಿನ ಚಿನ್ನ ಟನ್ನಿಗೆ 4 ಗ್ರಾಂ ಎಂದು ಪರೀಕ್ಷೆಯಿಂದ ಗೊತ್ತಿದ್ದರೆ, ಕಾಲು ಭಾಗ ಆರ್ಸೆನೊಪೈರೈಟಿನೊಳಗೆ ಅಡಗಿದೆ, ಉಳಿದ ಮುಕ್ಕಾಲು ಭಾಗ ಬಹುಪಾಲು ಬಿಡಿ ಕಣವಾಗಿಯೋ ಸೂಕ್ಷ್ಮ ಚುಕ್ಕೆಯಾಗಿಯೋ ಇದೆ ಎಂದಾಗುತ್ತದೆ. ಈ ಲೆಕ್ಕಕ್ಕೆ ಮಾತ್ರ ಮಧ್ಯಾಂಕವನ್ನು ಬಿಟ್ಟು ಸರಾಸರಿಯನ್ನೇ ಬಳಸಬೇಕು. ಕೆಲವೇ ಶ್ರೀಮಂತ ಪಟ್ಟಿಗಳು ಹೆಚ್ಚಿನ ಚಿನ್ನವನ್ನು ಹೊತ್ತಿರುವಾಗ ಮಧ್ಯಾಂಕ ಅವನ್ನು ನುಂಗಿಹಾಕುತ್ತದೆ. ಖನಿಜಗಳ ಪ್ರಮಾಣವನ್ನು ಕಣ್ಣಂದಾಜಿನಿಂದ ಬರೆಯದೆ ಬಿಲ್ಲೆಗಳ ಮೇಲೆ ಎಣಿಸಿ ಅಳೆಯಿರಿ, ಏಕೆಂದರೆ ಲೆಕ್ಕದ ದೊಡ್ಡ ತಪ್ಪು ಬಹುತೇಕ ಅಲ್ಲಿಂದಲೇ ಬರುತ್ತದೆ.

ಗಣಿಯ ಹೊರಗೆ

ಲೇಶಧಾತುಗಳ ವಿಳಾಸ ಗಣಿಯ ಗೇಟಿನಲ್ಲಿ ಮುಗಿಯುವುದಿಲ್ಲ, ಈ ಭಾಗವನ್ನು ಬಿಡಬಾರದೆಂದು ನನ್ನ ಆಗ್ರಹ. ಸಲ್ಫೈಡ್ ಗಾಳಿ ನೀರಿಗೆ ತೆರೆದುಕೊಂಡಾಗ ಕೊಳೆತು, ಜಾಲಕದಲ್ಲಿದ್ದ ಆರ್ಸೆನಿಕ್, ಕ್ಯಾಡ್ಮಿಯಂ, ಥಾಲಿಯಂಗಳನ್ನು ನೀರಿಗೆ ಬಿಡುತ್ತದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಮಂಗಳೂರು (ಕರಾವಳಿಯ ಮಂಗಳೂರಲ್ಲ) ಹಸಿರುಶಿಲಾ ಪಟ್ಟಿಯ ಹಳೆಯ ಚಿನ್ನದ ಗಣಿ ಪ್ರದೇಶದ ಕಿರದಳ್ಳಿ ತಾಂಡಾದ ಜನರಲ್ಲಿ ಆರ್ಸೆನಿಕ್ ವಿಷದ ಚರ್ಮಲಕ್ಷಣಗಳು ಕಂಡದ್ದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ನಿಮ್ಮ ಅದಿರಿನ ಪೈರೈಟಿನಲ್ಲಿ 5000 ಪಿಪಿಎಂ ಆರ್ಸೆನಿಕ್ ಅಳೆದಿದ್ದರೆ, ಆ ಪೈರೈಟ್ ಸೇರಿದ ತ್ಯಾಜ್ಯ ಎಲ್ಲಿ ಬಿದ್ದಿದೆ, ಅದರ ಕೆಳಗಿನ ಇಳಿಜಾರಿನಲ್ಲಿ ಯಾವ ಬಾವಿಗಳಿವೆ ಎಂಬ ನಕ್ಷೆಯೂ ನಿಮ್ಮ ವರದಿಯಲ್ಲಿರಲಿ.

ಆ ಬಾವಿಗಳ ನೀರು ತೆಗೆಯುವ ಕ್ರಮವೂ ಕಠಿಣವೇನಲ್ಲ. ಕೊಳವೆಬಾವಿಯನ್ನು ಹತ್ತು ನಿಮಿಷವಾದರೂ ಓಡಿಸಿ, ಕೊಳವೆಯಲ್ಲಿ ನಿಂತಿದ್ದ ನೀರು ಹೋದ ಮೇಲೆ ಆಮ್ಲೀಯತೆಯನ್ನು (ಪಿಎಚ್) ಅಲ್ಲೇ ಅಳೆಯಿರಿ. ನೀರನ್ನು 0.45 ಮೈಕ್ರಾನ್ ಸೋಸುಪದರದ ಮೂಲಕ ಹೊಸ ಪ್ಲಾಸ್ಟಿಕ್ ಬಾಟಲಿಗೆ ಇಳಿಸಿ, ಶುದ್ಧ ನೈಟ್ರಿಕ್ ಆಮ್ಲದ ಕೆಲವು ಹನಿ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ತನ್ನಿ, ಇಲ್ಲದಿದ್ದರೆ ಕಬ್ಬಿಣ ಬಾಟಲಿಯಲ್ಲೇ ಕೆಳಗಿಳಿದು ಆರ್ಸೆನಿಕ್ಕನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಸೋಸದ ಇನ್ನೊಂದು ಬಾಟಲಿಯನ್ನೂ ಹಾಗೆಯೇ ಆಮ್ಲ ಹಾಕಿ ಇಡಿ, ಏಕೆಂದರೆ ಜನ ಕುಡಿಯುವುದು ಸೋಸದ ನೀರನ್ನು. ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಅದೇ ಬಾವಿಗೆ ಹೋಗಿ ಎರಡೂ ಬಾಟಲಿ ತುಂಬಿಕೊಂಡು ಬನ್ನಿ.